ಅರಿಶಿನದ ಹುರಿ ಕಟ್ಟಿದ ಜಾಲಾರಿ ಗಿಡಗಳು

ನಮ್ಮ ಯಜಮಾನರಿಗೆ,

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ ಅಂತ ಬರೆಯಲು ಹೊರಟೆ, ಕೈ ನಿಂತಿತು. ಬಾಣಂತನಕ್ಕೆ ನೊಣವಿನಕೆರೆಗೆ ಹೋಗಿದ್ದಾಗ ನಿಮಗೆ ಬರೆದ ಕಾಗದಗಳೆಲ್ಲ ಹೀಗೇ ಶುರುವಾಗುತ್ತಿದ್ದವಲ್ಲ, ಆ ಅಭ್ಯಾಸ. ನೀವು ಒಂದಕ್ಕಾದರೂ ನೆಟ್ಟಗೆ ಉತ್ತರ ಬರೆದವರೇ? ಮಗು ಹೇಗಿದೆ ಅಂತ ಅರ್ಧ ಸಾಲು, ಬೆಟ್ಟದಲ್ಲಿ ಜಾಲಾರಿ ಹೂ ಬಿಟ್ಟಿದೆ ಅಂತ ಒಂದು ಪುಟ. ಈಗ ಆ ಅರ್ಧ ಸಾಲೂ ಬರುವುದಿಲ್ಲ. ಆದರೂ ನಿಮ್ಮ ಗಿಡಗಳ ವಿಷಯವನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಹೇಳಿಕೊಂಡರೆ ಕೇಳಿಸಿಕೊಳ್ಳುವವರೂ ನೀವೊಬ್ಬರೇ ಇದ್ದದ್ದು.

ಎಮರ್ಜೆನ್ಸಿ ಮುಗಿದ ವರ್ಷ ಕಾಲೇಜಿನ ಹುಡುಗರನ್ನು ಕರೆದುಕೊಂಡು ಹಿಮಾಲಯದ ಕಡೆ ಹೋಗಿಬಂದಿರಲ್ಲ, ನೆನಪಿದೆಯೇ? ಗಂಗಾಜಲ ತರುತ್ತೀರಿ ಅಂತ ನಾನು ತಾಮ್ರದ ತಂಬಿಗೆ ತೊಳೆದಿಟ್ಟಿದ್ದೆ. ನೀವು ಬರಿಗೈಲಿ ಬಂದು, ಮೊರದಲ್ಲಿದ್ದ ರಾಗಿ ಹಿಟ್ಟಿನ ಮೇಲೆ ಬೆರಳಿನಿಂದ ಒಂದು ಬೆಟ್ಟ ಬರೆದು, ಅದರ ನಡುವೆ ಒಂದು ಗೆರೆ ಎಳೆದಿರಿ. ಈ ಗೆರೆಯವರೆಗೆ ಕಾಡು, ಇದರ ಮೇಲೆ ಚಳಿ, ಅಲ್ಲಿ ಮರ ಬದುಕುವುದಿಲ್ಲ. ಲೋಕದ ಹೊಗೆಯಿಂದ ಬಿಸಿ ಏರುತ್ತಾ ಹೋದರೆ ಈ ಗೆರೆಯೂ ಏರುತ್ತದೆ ಅಂದಿರಿ. ನಮ್ಮ ಹಂದನಕೆರೆ ಆಚೆಯ ಬೆಟ್ಟದಲ್ಲಿ ಹಿಮವಿಲ್ಲ, ನಿಜ. ಆದರೆ ಅಲ್ಲೂ ಜಾಲಾರಿ ಮರಗಳು ನಡುಬೆಟ್ಟದಲ್ಲೇ ನಿಂತಿವೆ, ಅದರ ಮೇಲೆ ಬರೀ ಬಾದೆ ಹುಲ್ಲು, ಬಂಡೆ, ತುದಿಯಲ್ಲಿ ಬೆಟ್ಟದಮ್ಮನ ಗುಡಿ. ಕೆಳಗಿನ ಅಂಚಿನ ದೊಡ್ಡ ಮರಗಳು ನೆತ್ತಿಯಿಂದ ಒಣಗುತ್ತಿವೆ, ಹುಲ್ಲಿನ ನಡುವೆ ಹೊಸ ಸಸಿಗಳು ಕಾಣಿಸುತ್ತಿವೆ ಅನ್ನುವಾಗ ನಿಮ್ಮ ಕಣ್ಣು ಹೊಳೆಯುತ್ತಿತ್ತು.

"ಮರಕ್ಕೆ ಕಾಲಿಲ್ಲ ಕಣೇ, ಆದ್ರೆ ಅದರ ಬೀಜಕ್ಕೆ ರೆಕ್ಕೆ ಇದೆ. ಬಿಸಿ ತಾಳದೆ ಮೇಲಕ್ಕೆ ಹೋಗ್ತಾ ಇದೆ" ಅಂದಿರಿ.

ಬೆಟ್ಟ ಮುಗಿದ ಮೇಲೆ ಎಲ್ಲಿಗೆ ಹೋಗುತ್ತೆ ಅಂತ ನಾನು ಕೇಳಿದೆ. ಸುಮ್ಮನೆ ಕೇಳಿದ್ದು. ನೀವು ಕೈಗೆ ಅಂಟಿದ ಹಿಟ್ಟು ಕೊಡವಿಕೊಂಡು ಕಾಫಿ ಕೊಡು ಅಂದಿರಿ. ನನ್ನ ಹಿಟ್ಟೂ ಹಾಳಾಯಿತು, ಉತ್ತರವೂ ಸಿಗಲಿಲ್ಲ.

ವರ್ಷ ವರ್ಷವೂ ಅಳೆದು ನೋಡಲು ಆ ಸಸಿಗಳಿಗೆ ಗುರುತು ಹಾಕಬೇಕಾಗಿ ಬಂದಾಗ ನಮ್ಮನೆಯಲ್ಲಿ ಆದ ರಂಪ ಮರೆಯುವಂಥದ್ದಲ್ಲ. ಅಮ್ಮನ ಬೆಟ್ಟದ ಗಿಡಕ್ಕೆ ಕಬ್ಬಿಣ ತಾಕಿಸಬಾರದು ಅಂತ ಊರವರು ಮೊದಲೇ ಹೇಳಿದ್ದರು, ಹಾಗಾಗಿ ನಿಮ್ಮ ತಗಡಿನ ಚೀಟಿ, ಮೊಳೆ ಯಾವುದೂ ನಡೆಯಲಿಲ್ಲ. ಕೊನೆಗೆ ನನ್ನ ತವರಿನ ತೋಟದ ತೆಂಗಿನ ನಾರು ತರಿಸಿ ಸಣ್ಣ ಹುರಿ ಹೊಸೆಸಿದಿರಿ. ಒಣಹುಲ್ಲಿನಲ್ಲಿ ಅದು ಕಣ್ಣಿಗೇ ಬೀಳದು ಅಂತ, ಅಡುಗೆಮನೆಗೆ ನುಗ್ಗಿ, ಮನೆಯಲ್ಲಿದ್ದ ಅರಿಶಿನವನ್ನೆಲ್ಲ ಬಕೆಟ್ಟಿಗೆ ಸುರಿದು ಅದ್ದಿದಿರಿ. ಗಿಡಕ್ಕೆ ಕಂಕಣ ಕಟ್ಟುತ್ತಿದ್ದೀರಿ, ಲಗ್ನ ಯಾವಾಗ ಅಂತ ನಾನು ಆಡಿಕೊಂಡೆ. ನೀವೂ ನಕ್ಕಿರಿ. ಬೆಟ್ಟದಮ್ಮನ ದಾರಿಯಲ್ಲಿ ಗಿಡಕ್ಕೆ ಅರಿಶಿನದ ಹುರಿ ಕಟ್ಟಿದರೆ ನೋಡಿದವರು ಏನಂದುಕೊಂಡಾರು ಅಂತ ಇಬ್ಬರಿಗೂ ಹೊಳೆಯಲಿಲ್ಲವಲ್ಲ ರೀ! ಇಷ್ಟು ಓದಿದ ನಿಮಗೆ ಹೊಳೆಯಲಿಲ್ಲ, ಅಷ್ಟು ಹರಕೆ ಕಟ್ಟಿದ ನನಗೂ ಹೊಳೆಯಲಿಲ್ಲ.

ಭಾನುವಾರಗಳ ನೆನಪು ಬಂದರೆ ಈಗಲೂ ಕಾಲು ನೋಯುತ್ತದೆ. ಉಳಿದವರ ಮನೆಯವರು ಸಿನಿಮಾಗೋ ನೆಂಟರ ಮನೆಗೋ ಕರೆದುಕೊಂಡು ಹೋದರೆ, ನೀವು ನನ್ನನ್ನು ಬಸ್ಸು ಹತ್ತಿಸಿ ಬೆಟ್ಟಕ್ಕೆ ಕರೆದೊಯ್ದು ಟೇಪಿನ ಒಂದು ತುದಿ ಕೈಗೆ ಕೊಡುತ್ತಿದ್ದಿರಿ. ದೂರದ ಸಸಿಗಳೆಲ್ಲ ಒಂದೊಂದೇ ಬೇಸಿಗೆಗೆ ಒಣಗಿಹೋದವು, ಗುಡಿಯ ದಾರಿಯ ಪಕ್ಕದವು ಮಾತ್ರ ಉಳಿದವು. ಇದೇಕೆ ಹೀಗೆ ಅಂತ ತಲೆ ಕೆರೆದುಕೊಂಡು, ಬಂಡೆಯ ನೆರಳು ತೇವ ಹಿಡಿದಿಡುತ್ತದೆ ಅಂತ ನೀವೇ ಒಂದು ಕಾರಣ ಕಂಡುಕೊಂಡಿರಿ. ಬುಡದಲ್ಲಿ ತೆಂಗಿನ ಚಿಪ್ಪು ಬಿದ್ದಿರುತ್ತಿತ್ತು. ಪೂಜೆಗೆ ಬಂದವರು ಎಲ್ಲೆಂದರಲ್ಲಿ ಬಿಸಾಡಿ ಹೋಗುತ್ತಾರೆ, ಜನಕ್ಕೆ ಬುದ್ಧಿ ಇಲ್ಲ ಅಂತ ಬೈದುಕೊಂಡು ಅದನ್ನೆತ್ತಿ ಪೊದೆಯಾಚೆ ಎಸೆಯುತ್ತಿದ್ದಿರಿ. ಮುಂದಿನ ಸಲ ಮತ್ತೊಂದು ಚಿಪ್ಪು ಇರುತ್ತಿತ್ತು. ನೀವು ಮತ್ತೆ ಎಸೆಯುತ್ತಿದ್ದಿರಿ.

ಹೋದ ದಸರಾ ರಜೆಯಲ್ಲಿ ನೀವು ಬೆಟ್ಟದಿಂದ ಇಳಿದು ಬಂದಾಗ ನಿಮ್ಮ ಮುಖ ನೋಡಬೇಕಿತ್ತು. ಮಗಳು ಹುಟ್ಟಿದ ದಿನವೂ ನೀವು ಹಾಗೆ ನಕ್ಕಿರಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ, ನಿಜ ಹೇಳುತ್ತಿದ್ದೇನೆ. ಮರ ದಾರಿ ಹುಡುಕಿಕೊಂಡಿದೆ, ಇನ್ನೊಂದು ಬೇಸಿಗೆ ದಾಟಿದರೆ ಸಾಕು, ಧೈರ್ಯವಾಗಿ ಹೇಳಿಬಿಡಬಹುದು ಅಂದಿರಿ. ಬೆಂಗಳೂರಿನ ನಿಮ್ಮ ಗುರುಗಳು ಲೇಖನ ಅಚ್ಚು ಹಾಕಿಸಲು ಒಪ್ಪಿದ್ದಾರೆ ಅಂತ ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದಿರಿ. ನಿಮ್ಮನ್ನು ನೋಡಿ ನಗುತ್ತಿದ್ದವರೂ ಆವತ್ತು ಕೈ ಕುಲುಕಿದರಂತೆ. ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಜಗಲಿ ಮೇಲೆ ಕೂತಿರಿ. ಡಾಕ್ಟರನ್ನು ಕರೆತರುವಷ್ಟರಲ್ಲಿ...

ಈ ಬೇಸಿಗೆ ಶುರುವಾದಾಗ ಗುರುಗಳಿಂದ ಕಾಗದ ಬಂತು. ಕೊನೆಯ ಅಳತೆಯೊಂದು ಸಿಕ್ಕರೆ ನಿಮ್ಮ ಹೆಸರಿನಲ್ಲೇ ಲೇಖನ ತರುತ್ತೇವೆ, ಯಾರಾದರೂ ಅಳೆದು ಕಳಿಸಬಹುದೇ ಅಂತ ಕೇಳಿದ್ದರು. ಯಾರಾದರೂ ಅಂದರೆ ಯಾರು? ಟೇಪಿನ ಇನ್ನೊಂದು ತುದಿ ಹಿಡಿದು ಬಿಸಿಲಲ್ಲಿ ಬೆಂದವಳು ನಾನಲ್ಲವೇ? ನನ್ನ ತಮ್ಮನಿಗೆ ಭಾನುವಾರ ಬಿಡುವಿರಲಿಲ್ಲ, ಮಂಗಳವಾರ ಕರೆದುಕೊಂಡು ಹೋದ. ಇಷ್ಟು ವರ್ಷದಲ್ಲಿ ನೀವು ಒಂದು ಮಂಗಳವಾರವಾದರೂ ಬೆಟ್ಟ ಹತ್ತಿದ್ದರೆ ಚೆನ್ನಾಗಿತ್ತು. ಮಂಗಳವಾರ ಬೆಟ್ಟದಮ್ಮನ ವಾರ. ಹೆಂಗಸರು ಕೆಳಗಿನ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಬಂದಿದ್ದರು. ಪೂಜೆಗೆ ಬಳಸಿ ಉಳಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು, ನಿಮ್ಮ ಗಿಡಗಳಿಗೆ ಒಬ್ಬೊಬ್ಬರೂ ಒಂದೊಂದಕ್ಕೆ ಹಾಕುತ್ತಿದ್ದರು. ನಾನು ಟೇಪು ಹಿಡಿದುಕೊಂಡು ನಿಂತೇ ಇದ್ದೆ.

ತುದಿಗೆ ಹತ್ತಿರದ ಗಿಡ ಹೊನ್ನಮ್ಮನದಂತೆ. ಬೆಟ್ಟದ ಬುಡದ ಊರಿನವಳು, ಹೊಲ ಮನೆ ಎರಡೂ ನೋಡಿಕೊಳ್ಳುವ ಗಟ್ಟಿ ಹೆಂಗಸು. ಎಲ್ಲರಿಗೂ ಕುಂಕುಮ ಕೊಡುತ್ತಾ ನನ್ನ ಹತ್ತಿರ ಬಂದವಳು ಹಣೆ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು, ಆಮೇಲೆ ಪಾಪ ಅನ್ನಿಸಿತೇನೋ, ಎರಡು ಬಾಳೆಹಣ್ಣು ಕೊಟ್ಟಳು. ಈ ಗಿಡಕ್ಕೇಕೆ ನೀರು ಅಂತ ಕೇಳಿದೆ.

"ಯಾರೋ ಪುಣ್ಯವಂತ್ರು ಹರಕೆ ಕಟ್ಟಿ ಹೋಗವ್ರೆ ಕಣವ್ವ. ನೀರಿಲ್ದೆ ಸೊರಗ್ತಿತ್ತು. ಹರಕೆ ಗಿಡ ಒಣಗಬಾರ್ದು ಅಂತ ಹುಯ್ದೆ. ಅದೇ ವರ್ಸ ನನ್ ಮಗಳ ಬಸುರು ನಿಂತ್ಕತು."

ಅದಕ್ಕೆ ಮುಂಚೆ ಮಗಳಿಗೆ ಆದ ಬಸುರೆಲ್ಲ ಇಳಿದುಹೋಗಿತ್ತಂತೆ. ಆ ಸುದ್ದಿ ಊರಿಗೆಲ್ಲ ಹಬ್ಬಿ, ದಾರಿ ಪಕ್ಕದ ಒಂದೊಂದು ಗಿಡಕ್ಕೂ ಒಬ್ಬೊಬ್ಬಳು ತಾಯಿ ಸಿಕ್ಕಿದ್ದಾಳೆ. ಕಟ್ಟಿದವರು ನನ್ನ ಗಂಡ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಿಮ್ಮ ಬಂಡೆಯೂ ಇಲ್ಲ, ನೆರಳೂ ಇಲ್ಲ ರೀ. ಮರ ದಾರಿ ಹುಡುಕಿಕೊಂಡಿಲ್ಲ. ಇವರು ಹೊತ್ತು ಹಾಕಿದ ನೀರಿನಿಂದ ಉಸಿರು ಹಿಡಿದುಕೊಂಡಿದೆ, ಅಷ್ಟೇ. ನೀರು ಸಿಗದ ಗಿಡ ಒಂದೂ ಉಳಿದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನೀವಿಲ್ಲ ಅಂತ ನನಗೆ ಮೊದಲ ಸಲ ಸಮಾಧಾನವಾಯಿತು, ಹಾಗಾಯಿತಲ್ಲ ಅಂತ ಆಮೇಲೆ ಅಳುವೂ ಬಂತು.

ಸುಳ್ಳು ಲೆಕ್ಕ ಕಂಡರೆ ನೀವು ಹೇಗೆ ಉರಿದುಬೀಳುತ್ತಿದ್ದಿರಿ ಅನ್ನುವುದು ನೆನಪಾಗಿ ಗುರುಗಳಿಗೆ ಇದ್ದದ್ದು ಇದ್ದ ಹಾಗೆ ಬರೆದೆ. ಅವರು ಒಳ್ಳೆಯವರು, ಬೈಯಲಿಲ್ಲ. ಬದಲಿಗೆ ಒಂದು ದಾರಿ ತೋರಿಸಿದರು. ಒಂದು ಬೇಸಿಗೆ ನೀರು ನಿಲ್ಲಿಸಿ ನೋಡಿ. ಗಿಡ ಉಳಿದರೂ ಒಣಗಿದರೂ ಅದು ದೊಡ್ಡ ಸಂಗತಿಯೇ, ನಿಮ್ಮ ಯಜಮಾನರ ಇಷ್ಟು ವರ್ಷದ ಕೆಲಸ ವ್ಯರ್ಥವಾಗುವುದಿಲ್ಲ ಅಂತ ಬರೆದರು. ಅವರು ಬರೆದದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ನೀವಿದ್ದಿದ್ದರೂ ಅದನ್ನೇ ಹೇಳುತ್ತಿದ್ದಿರಿ. ಹೊನ್ನಮ್ಮ ನಿಲ್ಲಿಸಿದರೆ ಉಳಿದವರೂ ನಿಲ್ಲಿಸುತ್ತಾರೆ. ಅವಳೊಬ್ಬಳನ್ನು ಒಪ್ಪಿಸಿದರೆ ನಿಮ್ಮ ಹೆಸರು ಅಚ್ಚಾಗುತ್ತದೆ.

ಮೊನ್ನೆ ಮಂಗಳವಾರ ಅದಕ್ಕೇ ಅವಳ ಮನೆಗೆ ಹೋದೆ. ಮಂಡಿ ಊದಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು, ಮೊಮ್ಮಗಳು ತೊಡೆಯ ಮೇಲೆ ಹೊರಳಾಡುತ್ತಿತ್ತು. ಈ ಸಲ ಎಲ್ಲ ಹೇಳಿದೆ. ಹುರಿ ಕಟ್ಟಿದವರು ನಮ್ಮ ಯಜಮಾನರು, ಅದು ಹರಕೆಯಲ್ಲ, ಅಳತೆಯ ಗುರುತು, ಅವರು ಈಗಿಲ್ಲ, ಒಂದು ಬೇಸಿಗೆ ನೀರು ಹಾಕದೆ ಇದ್ದರೆ ಅವರ ಕೆಲಸ ಪೂರಾ ಆಗುತ್ತೆ ಅಂದೆ. ಅವಳಿಗೆ ಕೋಪ ಬರಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಬುಡು ಅಂದ್ರೆ ಬುಟ್ಬುಡ್ತೀನಿ ಕಣವ್ವ, ಕಟ್ಟಿದೋರು ನಿಮ್ಮೋರು. ಮಗೀಗೆ ಏನೂ ಆಗಲ್ಲ ಅಂತ ನೀನೊಂದು ಮಾತು ಹೇಳು."

ಹೇಳಬಹುದಿತ್ತು. ಗಿಡಕ್ಕೂ ಮಗುವಿಗೂ ಸಂಬಂಧವಿಲ್ಲ ಅಂತ ನನಗೆ ಗೊತ್ತು. ನಿಮ್ಮ ಜೊತೆ ಇಷ್ಟು ವರ್ಷ ಬಾಳಿ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ಆದರೆ ಯಾರಿಗೂ ಏನೂ ಆಗಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಕಾರ್ತಿಕದ ಆ ಬೆಳಿಗ್ಗೆ ನಿಮಗೂ ಏನೂ ಆಗಲ್ಲ ಅಂತಲೇ ಅಂದುಕೊಂಡು ನಾನು ಒಲೆಯ ಮುಂದೆ ಕೂತಿದ್ದೆ. ನೀವು ನನ್ನ ಜಾಗದಲ್ಲಿದ್ದಿದ್ದರೆ ಆ ಮಗುವಿನ ಮುಖ ನೋಡಿಕೊಂಡು ಹೇಳುತ್ತಿದ್ದಿರಾ? ನಿಜ ಹೇಳಿ. ನನ್ನಿಂದ ಆಗಲಿಲ್ಲ. ಅವಳು ಗೋಡೆ ಪಕ್ಕದ ಬಿಂದಿಗೆ ತೋರಿಸಿ, ತನ್ನ ಕಾಲು ಏಳುತ್ತಿಲ್ಲ, ಹೋದ ವಾರವೂ ಗಿಡಕ್ಕೆ ನೀರಿಲ್ಲ, ನೀನೇ ಒಂದು ಸಲ ಹಾಕಿ ಬಾ ಅಂದಳು.

ನೀರು ಹೊತ್ತು ಹತ್ತಿದೆ ರೀ. ಬಿಸಿಲೆಂದರೆ ಬಿಸಿಲು. ದಾರಿಯಲ್ಲಿ ಕೆಳಗಂಚಿನ ದೊಡ್ಡ ಜಾಲಾರಿಗಳ ಕೆಳಗೆ ಕೂತು ಸುಧಾರಿಸಿಕೊಂಡೆ. ಹೋದ ವರ್ಷ ನೆತ್ತಿ ಮಾತ್ರ ಒಣಗಿದ್ದ ಮರ ಈಗ ಅರ್ಧ ಒಣಗಿದೆ, ನೆರಳೂ ಸರಿಯಾಗಿ ಬೀಳುವುದಿಲ್ಲ. ಇವಕ್ಕೆ ಯಾರು ನೀರು ಹೊರುತ್ತಾರೆ? ಹೊತ್ತರೂ ಎಷ್ಟು ಬಿಂದಿಗೆ? ತುದಿಗೆ ಹೋಗಿ ನೋಡಿದರೆ ಹೊನ್ನಮ್ಮನ ಗಿಡದ ಮೇಲೆ ಗುಡಿ, ಗುಡಿಯ ಮೇಲೆ ಆಕಾಶ. ಬೆಟ್ಟ ಅಲ್ಲಿಗೆ ಮುಗಿಯುತ್ತದೆ. ಆವತ್ತು ನಾನು ಕೇಳಿದ್ದು ತಮಾಷೆಗೆ, ನಿಮಗೆ ಉತ್ತರ ಗೊತ್ತಿತ್ತು, ಅದಕ್ಕೇ ಕಾಫಿ ಕೇಳಿದಿರಿ ಅಲ್ಲವೇ?

ಗುರುಗಳಿಗೆ ನಿನ್ನೆ ಇನ್‌ಲ್ಯಾಂಡ್ ಕಾಗದ ಹಾಕಿದ್ದೇನೆ. ನೀರು ನಿಲ್ಲಿಸಲು ನನ್ನಿಂದ ಆಗಲಿಲ್ಲ, ಲೇಖನ ಬೇಡ ಅಂತ ಬರೆದಿದ್ದೇನೆ. ನಿಮ್ಮ ಹೆಸರು ಅಚ್ಚಾಗುವುದಿಲ್ಲ. ಬೈಯುವುದಿದ್ದರೆ ಬೈದುಬಿಡಿ, ನಿಮ್ಮ ಬೈಗುಳ ಕೇಳಿ ಬಹಳ ದಿನವಾಯಿತು. ಗಿಡ ಒಂದು ಗೇಣು ಬೆಳೆದಿದೆ, ತುದಿಯಲ್ಲಿ ಎರಡು ಕೆಂಪು ಚಿಗುರು ಬಂದಿವೆ. ಇದನ್ನು ಬರೆದುಕೊಳ್ಳಬೇಡಿ, ಲೆಕ್ಕಕ್ಕೆ ಬರುವುದಿಲ್ಲ, ಸುಮ್ಮನೆ ನಿಮಗೆ ಹೇಳೋಣ ಅಂತ. ಹೊನ್ನಮ್ಮನ ಕಾಲು ವಾಸಿಯಾಗುವವರೆಗೆ ಮಂಗಳವಾರ ನಾನೇ ಹೋಗುತ್ತೇನೆ. ನೀವು ಎತ್ತಿ ಎಸೆಯುತ್ತಿದ್ದಿರಲ್ಲ, ಆ ಚಿಪ್ಪನ್ನು ಬುಡದಲ್ಲೇ ಬಿಟ್ಟು ಬಂದಿದ್ದೇನೆ.

ನಿಮ್ಮ,
ಶಾರದ