ಮೂರನೇ ಪಟ್ಟಿಯಲ್ಲಿರುವ ಬೆನ್ನು

ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಸರದಿ ನಿರ್ಧರಿಸುವ ಮಾನ್ಯ ಅಧಿಕಾರಿಗಳೇ,

ನನ್ನ ಒಂಬತ್ತು ವರ್ಷದ ಮಗಳ ಬೆನ್ನುಮೂಳೆಯಲ್ಲಿರುವ ಗಡ್ಡೆ ಕ್ಯಾನ್ಸರ್ ಅಲ್ಲ. ಅವಳು ಮಾಡಿದ ತಪ್ಪು ಅದೇ. ತಮ್ಮ ಕಚೇರಿಯಲ್ಲಿ ತುರ್ತಿನವರಿಗೆ ಒಂದನೇ ಪಟ್ಟಿ, ಕ್ಯಾನ್ಸರಿಗೆ ಎರಡನೆಯದು, ಮಿಕ್ಕ ‘ನಿರಪಾಯ’ದವರಿಗೆಲ್ಲ ಮೂರನೆಯದು. ಏಳು ತಿಂಗಳಿಂದ ಅವಳು ಮೂರನೆಯದರಲ್ಲಿದ್ದಾಳೆ. “ಕ್ಯಾನ್ಸರ್ ಅಲ್ವಲ್ಲ, ಖುಷಿಪಡಿ” ಎಂದರು ತಮ್ಮ ಗುಮಾಸ್ತರು. ಪಟ್ಟೆವು ಸ್ವಾಮಿ, ನಿಜವಾಗಿಯೂ ಪಟ್ಟೆವು. ನನ್ನ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತಳು. ಆದರೆ ಬೇರೆಡೆಗೆ ಹರಡದ ಗಡ್ಡೆಯೂ ಇದ್ದಲ್ಲೇ ಬೆಳೆದು ನರ ಒತ್ತುತ್ತದೆ ಎಂದು ತಮ್ಮ ವೈದ್ಯರೇ ಬರೆದಿದ್ದಾರೆ. ಅದನ್ನು ಓದುವುದು ಯಾರ ಕೆಲಸ?

ತಮ್ಮನ್ನು ದೂರುವ ಮುಂಚೆ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ದರ್ಜಿ. ಎರಡು ವರ್ಷದ ಹಿಂದೆ ಮಗಳ ಸಮವಸ್ತ್ರಕ್ಕೆ ಅಳತೆ ತೆಗೆದಾಗ ಎಡಭುಜ ಅರ್ಧ ಇಂಚು ಕೆಳಗಿತ್ತು. ಇಂಥ ಭುಜಗಳನ್ನು ದಿನಾ ನೋಡುವವನು ನಾನು. ಒಳಗೊಂದು ಪ್ಯಾಡ್ ಕೊಟ್ಟು ಹೊಲಿದೆ. ಮರುವರ್ಷ ಒಂದು ಇಂಚಾಯಿತು. ಇನ್ನೊಂದು ಪ್ಯಾಡ್ ಇಟ್ಟೆ. ಅವಳು ಎಷ್ಟು ನೆಟ್ಟಗೆ ಕಾಣುತ್ತಿದ್ದಳೆಂದರೆ ಶಾಲೆಯ ಟೀಚರಿಗಾಗಲಿ, ಅಜ್ಜಿಗಾಗಲಿ ಅನುಮಾನವೇ ಬರಲಿಲ್ಲ. “ಅಪ್ಪಾ, ಬೆನ್ನು ನೋಯ್ತಿದೆ” ಎಂದರೆ “ಬ್ಯಾಗ್ ಭಾರ ಇರುತ್ತೆ, ಬಿಡು” ಎನ್ನುತ್ತಿದ್ದೆ. ಕೊನೆಗೆ ಸ್ನಾನ ಮಾಡಿಸುವಾಗ ಅವಳ ಅಮ್ಮ ಬೆನ್ನುಮೂಳೆಯ ಬಾಗು ನೋಡಿ ಕೂಗಿಕೊಂಡಳು. ನನ್ನ ಮಗಳ ರೋಗವನ್ನು ಇಸ್ತ್ರಿ ಹಾಕಿ ಮುಚ್ಚಿಟ್ಟವನು ನಾನೇ. ಇದನ್ನು ನೆನೆದರೆ ಈಗ ಕತ್ತರಿ ಹಿಡಿಯಲು ಕೈ ಬರುವುದಿಲ್ಲ.

ನನ್ನದು ತಿಳಿಗೇಡಿತನ, ಒಪ್ಪಿದೆ. ಮೂರು ಸ್ಕ್ಯಾನಿನ ವರದಿ ಮೇಜಿನ ಮೇಲಿಟ್ಟುಕೊಂಡು ಸುಮ್ಮನಿರುವುದಕ್ಕೆ ಏನೆನ್ನುತ್ತಾರೆ?

ಹೋದ ವಾರದಿಂದ ಅವಳು ಬಲಗಾಲು ಎಳೆಯುತ್ತಿದ್ದಾಳೆ. ಅವಳನ್ನೂ ಕರೆದುಕೊಂಡು ಅರ್ಜಿ ಹಿಡಿದು ಬಂದೆ. ಗುಮಾಸ್ತರು, ಪಾಪ, ನಿಯಮ ಹುಡುಕಿ ನೋಡಿಯೇ ಹೇಳಿದರು: “ಈಗ ಆಗಲ್ಲ. ಕಾಲು ಪೂರ್ತಿ ಸ್ವಾಧೀನ ತಪ್ಪಿದ್ರೆ ಬನ್ನಿ, ಒಂದನೇ ಪಟ್ಟಿಗೆ ಹಾಕ್ತೀವಿ.” ಮಗಳು ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು: “ಹಾಗಾದ್ರೆ ನಾನು ನಡೆಯೋದು ನಿಲ್ಲಿಸಿಬಿಡ್ಲಾ ಅಪ್ಪಾ?”

ನನ್ನ ಬೇಡಿಕೆ ಒಂದೇ: ಅವಳು ತನ್ನ ಕಾಲ ಮೇಲೆ ನಡೆದು ಒಳಗೆ ಬರುವಂಥ ಒಂದು ದಿನಾಂಕ ಕೊಡಿ. ಅದು ಸಾಧ್ಯವಿಲ್ಲವೆಂದಾದರೆ, ಅವಳ ಪ್ರಶ್ನೆಗೆ ‘ನಿಲ್ಲಿಸು’ ಎಂದೋ ‘ಬೇಡ’ ಎಂದೋ ತಾವೇ ಬರೆದು, ಸಹಿ ಹಾಕಿ, ಮೊಹರೊತ್ತಿ ಕಳುಹಿಸಿ. ಅವಳಿಗೆ ಓದಲು ಬರುತ್ತದೆ.

ಇಂತಿ,
ತಮ್ಮ ಬಾಗಿಲಾಚೆಯ ಬೆಂಚು ಬಿಟ್ಟರೆ ಬೇರೆ ದಿಕ್ಕು ಕಾಣದ
ಒಬ್ಬ ದರ್ಜಿ