ತಾಯಿಬೊಂಬೆಗೆ ತಲೆವಸ್ತ್ರ

ನಾರಿನ್, ಸೋಮವಾರ

ಮುದ್ದಿನ ಮೊಮ್ಮಗಳು ಬುರುಲ್‌ಗೆ,

ನಮ್ಮ ವೀರಗಾಥೆಯನ್ನು ಬೊಂಬೆಯಾಟ ಮಾಡುತ್ತೇನೆ ಎಂದು ನೀನು ಹೇಳಿದಾಗ, “ವಾರಗಟ್ಟಲೆ ಹಾಡೋ ಕಥೇನ ಒಂದು ಗಂಟೇಲಿ ಮುಗಿಸ್ತೀಯೇನೇ?” ಎಂದು ರೇಗಿದ್ದೆ. ಆದರೂ ನಿನ್ನೆ ಯಾರಿಗೂ ಹೇಳದೆ ಬಂದು ಕೊನೆಯ ಸಾಲಿನಲ್ಲಿ ಕುಳಿತು ನೋಡಿದೆ. ನಿನ್ನ ಕುದುರೆಗೆ ಜೀವವಿತ್ತು, ಕೂಸೇ.

ವೀರ ಸತ್ತಾಗ ಪಕ್ಕದ ಪುಟ್ಟ ಹುಡುಗಿ, “ತಾತಾ, ಇವನಿಗೆ ಅಮ್ಮ ಇಲ್ವಾ? ಯಾರೂ ಅಳ್ತಾನೇ ಇಲ್ಲ!” ಎಂದಳು. ತಾಯಿಯ ಶೋಕಗೀತೆ ಹಾಡಲು ನೀನು ನನ್ನನ್ನೇ ಕರೆದಿದ್ದೆ. ಒಲ್ಲೆ ಎಂದವನು ನಾನು.

ಶನಿವಾರದ ಆಟಕ್ಕೆ ಬಂದು ಹಾಡುತ್ತೇನೆ. ಪರದೆಯ ಹಿಂದೆ ಒರಗುವ ಕುರ್ಚಿ ಹಾಕಿಸು. ತಾಯಿಬೊಂಬೆಗೆ ಸುತ್ತಲು ನಿನ್ನಜ್ಜಿಯ ಬಿಳಿ ತಲೆವಸ್ತ್ರ ತರುತ್ತಿದ್ದೇನೆ. ಅದನ್ನು ಕತ್ತರಿಸುವಾಗ ಮಾತ್ರ ನನ್ನನ್ನು ಹೊರಗೆ ಕಳಿಸು.

ನಿನ್ನ ಮೊಂಡು ತಾತ,
ಶಾಮೆನ್