ಆಳಂದದ ಹುಡುಗಿಯರು ಅಕೌಂಟಿಂಗ್ ಆರಿಸಿಕೊಂಡದ್ದು ಏಕೆ

ಮಾನ್ಯ ಕುಲಸಚಿವರೇ,

ನನಗೆ ಮದುವೆಯಾಯಿತು, ಇಂದಿಗೆ ಹನ್ನೆರಡು ದಿನ. ಬೀದರಿನಲ್ಲಿ ಕೆಲಸದಲ್ಲಿರುವ ಗಂಡ ಧಮ್ಮಪಾಲ ಎಷ್ಟು ಒಳ್ಳೆಯವನೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ನಿಮಗೂ ಹೇಳಿದಂತಾಯಿತು. ಈ ಸಂತೋಷಕ್ಕೆ ನಿಮ್ಮ ಕಚೇರಿ ಕಳಿಸಿದ ಉಡುಗೊರೆ ಒಂದು ಸುತ್ತೋಲೆ. ಆಳಂದದ ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಮೂರನೇ ವರ್ಷದ ಅಕೌಂಟಿಂಗ್ ವಿಷಯವನ್ನು ಈ ವರ್ಷದಿಂದ ನಿಲ್ಲಿಸಿದ್ದೀರಿ. ಅದನ್ನೇ ಓದಬೇಕೆಂದಿದ್ದ ನನ್ನ ನಾದಿನಿ ಪಲ್ಲವಿ ಭೂಸನೂರಿನ ಅತ್ತೆಯ ಮನೆಯಲ್ಲಿ ಊಟ ಬಿಟ್ಟು ಕುಳಿತಿದ್ದಾಳೆ. ಅರ್ಜಿಗೆ ಬರುವ ಶುಕ್ರವಾರವೇ ಕೊನೆ.

ಕಾರಣವನ್ನೂ ಬರೆದಿದ್ದೀರಿ: ಇಲ್ಲಿನ ವಿದ್ಯಾರ್ಥಿನಿಯರು ಆಸಕ್ತಿಯಿಂದಲ್ಲ, ಕುಟುಂಬದ ಒತ್ತಡದಿಂದ ಈ ವಿಷಯ ಆರಿಸುತ್ತಾರೆಂದು ಸಮೀಕ್ಷೆಯಿಂದ ದೃಢಪಟ್ಟಿದೆ. ಎಂಥ ಕರುಣೆ. ನಮ್ಮನ್ನು ಕುಟುಂಬದಿಂದ ಪಾರುಮಾಡಲು ಕೈಯಲ್ಲಿದ್ದ ಪುಸ್ತಕ ಕಿತ್ತುಕೊಂಡಿರಿ. ಆ ಸಮೀಕ್ಷೆಯ ನಲವತ್ತೊಂದು ನಮೂನೆಗಳಲ್ಲೂ ಒಂದೇ ಉತ್ತರ, ಒಂದೇ ಶಾಯಿ, ಒಂದೇ ಕೈ. ನಿಮ್ಮ ತಜ್ಞರಿಗೆ ಏನೂ ಅನುಮಾನ ಬರಲಿಲ್ಲವೇ? ಆ ಕೈ ನನ್ನದು.

ಕಳೆದ ವರ್ಷ ನಾನು ಅಲ್ಲೇ ಓದುತ್ತಿದ್ದೆ. ನಮೂನೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ಮಾಧ್ಯಮದವಳೆಂದು ಎಲ್ಲರೂ ತಮ್ಮ ಕಾಗದ ನನ್ನ ಮುಂದೆ ಹಾಕಿದರು, ನಾನೂ ಉಬ್ಬಿದೆ. ಅಕೌಂಟಿಂಗ್ ಆರಿಸಲು ಪ್ರೇರಣೆ ಏನು? ಸಂಬಳ, ಗೌರವ, ಅಧ್ಯಾಪಕರು, ಕುಟುಂಬದ ಒತ್ತಡ, ಇಷ್ಟರಲ್ಲಿ ಒಂದು. ನಿಜವೇನೆಂದರೆ ಅಕೌಂಟಿಂಗ್ ತರಗತಿ ಹನ್ನೆರಡೂವರೆಗೆ ಮುಗಿಯುತ್ತದೆ, ಉಳಿದವು ಮೂರಕ್ಕೆ. ಒಂದು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಸಂಜೆ. ದಿನಾ ಸಂಜೆ ಮನೆ ಸೇರುವ ಹುಡುಗಿ ಬಹಳ ದಿನ ಕಾಲೇಜಿನಲ್ಲಿ ಉಳಿಯುವುದಿಲ್ಲ.

"ಬಸ್ಸಿಂದು ಯಾವ ಕಾಲಂದಾಗ ಬರ್ತದ?" ಎಂದಳು ಗೆಳತಿ ಶರಣಬಸಮ್ಮ.

"ಬಸ್ಸಿಗೆ ಕಾಲಂ ಇಲ್ಲ ಬೇ."

"ಹಂಗಾರ ಮನಿಯವ್ರದು ಹಾಕು, ಲಗೂ. ಡ್ರೈವರ್ ಏನ್ ನಮ್ಮ ಸೋದರಮಾವ ಅಲ್ಲ, ನಿಂದರಸಾಕ."

ಹಾಕಿದೆ. ನಲವತ್ತೊಂದಕ್ಕೂ.

ಬಸ್ಸಿಗಾಗಿ ಸೇರಿದೆವು, ಒಪ್ಪುತ್ತೇನೆ. ಸೇರಿದ ಕಾರಣ ಸಣ್ಣದಾದರೆ ಕಲಿತದ್ದೂ ಸಣ್ಣದೇ? ಅದೇ ಶರಣಬಸಮ್ಮ ಇಂದು ಆಳಂದದ ಅಡತಿ ಅಂಗಡಿಯಲ್ಲಿ ದಲಾಲರ ತೊಗರಿ ವ್ಯಾಪಾರದ ಲೆಕ್ಕ ನೋಡುತ್ತಾಳೆ. ಹಳೆಯ ಗುಮಾಸ್ತರು ಅವಳನ್ನು ಕೇಳಿ ಸಹಿ ಹಾಕುತ್ತಾರೆ. ನಿಮ್ಮ ಸಮೀಕ್ಷೆ ಅವಳನ್ನು ಎರಡನೇ ಸಲ ಕೇಳಿತೇ?

ಇನ್ನು ಪಲ್ಲವಿ ಆರಿಸಿದ್ದು ಬಸ್ಸಿಗಾಗಿಯೂ ಅಲ್ಲ. ಯಾಕೆ ಈ ವಿಷಯವೇ ಎಂದು ಕೇಳಿದೆ. "ನಮ್ಮವ್ವ ಮಹಿಳಾ ಸಂಘದ ಸಾಲದ ಪುಸ್ತಕಕ್ಕ ಹತ್ತು ವರ್ಷದಿಂದ ಹೆಬ್ಬಟ್ಟು ಒತ್ತಾಕತ್ತಾಳ, ವೈನಿ. ಅದರಾಗ ಏನ್ ಬರ್ದಾರ ಅಂತ ನಾ ಓದಬೇಕು" ಎಂದಳು. ಇದು ಯಾವ ಚೌಕದಲ್ಲಿ ಹಿಡಿಯುತ್ತದೆ, ಹೇಳಿ.

ಮೊನ್ನೆ ಭೂಸನೂರಿಗೆ ಹೋಗಿ, ನಮೂನೆ ತುಂಬಿದವಳು ನಾನೇ ಎಂದು ಹೇಳಿದೆ. ಅವಳ ತಾಯಿ, ನನ್ನ ಅತ್ತೆ ಮಾಣಿಕಮ್ಮ, ಬೈಯಲಿಲ್ಲ. ಒಲೆಯ ಮುಂದೆ ರೊಟ್ಟಿ ತಿರುವುತ್ತ, "ಸೊಸಿ ಇಂಗ್ಲಿಷ್ ಕಲ್ತಾಳಂತ ಓಣಿ ತುಂಬ ಹೇಳ್ಕೋತ ಬಂದೆ. ಮಗಳ ಓದಿಗೇ ಮುಳುವಾಯ್ತಲ್ಲವ್ವಾ" ಎಂದರು. ಮದುವೆಯ ಹಸಿರು ಬಳೆ ತೊಟ್ಟು ಈ ಮಾತು ಕೇಳುವುದು ಹೇಗಿರುತ್ತದೆಂದು ನಿಮ್ಮ ತಜ್ಞರು ಅಳೆಯಲಾರರು.

ಆದ್ದರಿಂದ ಶುಕ್ರವಾರದೊಳಗೆ ಸುತ್ತೋಲೆ ಹಿಂಪಡೆಯಿರಿ. ಸಮೀಕ್ಷೆ ಬೇಕಿದ್ದರೆ ಮತ್ತೆ ಮಾಡಿ, ಕನ್ನಡದಲ್ಲಿ, ಉತ್ತರಕ್ಕೆ ಖಾಲಿ ಸಾಲು ಬಿಟ್ಟು. ನನ್ನ ತಪ್ಪೊಪ್ಪಿಗೆಯನ್ನೂ ಪಲ್ಲವಿಯ ಅರ್ಜಿಯನ್ನೂ ನಿಮ್ಮ ಕೈಗೇ ಕೊಡುತ್ತೇನೆ; ಗುರುವಾರ, ಬೀದರಿನಿಂದ ಕಲಬುರಗಿಗೆ ಬರುವ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದೇನೆ.

ಇಂತಿ,
ಎಲ್ಲರ ಉತ್ತರ ತಾನೇ ಬರೆದ ಜಾಣೆ,
ಮಧುಮತಿ ಧಮ್ಮಪಾಲ, ಬೀದರ